ಏಳನೆಯ ದಿನ ಮಾಯವಾಗುವ ಮೀನು

ಮಾರ್ಚ್ ೧೪, ಗುರುವಾರ. ಸುವಾ, ಫಿಜಿ.

ತಲೆ ಕೆಟ್ಟುಹೋಗಿದೆ. ಮೂರು ವಾರ ಹಾಳು! ಹದಿನೆಂಟು ವರ್ಷ ಮೀನಿನ ಹಿಂದೆ ಈಜಿದವಳಿಗೆ ಈ ಪ್ರೋಗ್ರಾಮಿಂಗ್ ಕಲಿಯುವ ಚಪಲ ಯಾಕೆ ಬೇಕಿತ್ತು?

ನಮ್ಮ ದ್ವೀಪದ ಗಿಳಿಮೀನುಗಳು ಪ್ರತಿ ಏಳನೆಯ ದಿನ ಪೂರ್ತಿ ಮಾಯವಾಗುತ್ತವೆ ಎಂದು ನನ್ನ ಪ್ರೋಗ್ರಾಂ ಗ್ರಾಫ್ ಬರೆದು ತೋರಿಸಿತ್ತು. ಉಬ್ಬರವಿಳಿತ, ಚಂದ್ರ, ನೀರಿನ ಬಿಸಿ, ಯಾವುದಕ್ಕೂ ತಾಳೆಯಾಗಲಿಲ್ಲ. ಹೊಸ ಸಂಗತಿಯೇ ಸಿಕ್ಕಿತೆಂದು ಪ್ರೊಫೆಸರರಿಗೆ ಬರೆದೂಬಿಟ್ಟೆ. ನಾಳೆ ಬೆಳಿಗ್ಗೆ ಎಲ್ಲರೆದುರು ವಿವರಿಸಬೇಕಂತೆ.

ಸಂಜೆ ಲಾವೇನಿಯಾ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ದ್ವೀಪದಲ್ಲಿ ನೀರಿಗಿಳಿದು ನನಗಾಗಿ ಮೀನು ಎಣಿಸುವವಳು ಅವಳೇ.

“ಯಾವ್ಯಾವ ದಿನ ಮಾಯ ಆಗ್ತವೆ ಅಂದೆ?”

ತಾರೀಖುಗಳನ್ನು ಓದಿದೆ. ಗೋಡೆಯ ಕ್ಯಾಲೆಂಡರ್ ನೋಡಿರಬೇಕು. ನಗು ಶುರುವಾಗಿದ್ದು ನಿಲ್ಲಲೇ ಇಲ್ಲ.

“ಅಯ್ಯೋ ಹುಚ್ಚಿ, ಅವೆಲ್ಲ ಭಾನುವಾರ ಕಣೇ! ಭಾನುವಾರ ಯಾರೇ ನೀರಿಗಿಳೀತಾರೆ? ನಾನು ಚರ್ಚಲ್ಲಿರ್ತೀನಿ. ಅದಕ್ಕೇ ಪಟ್ಟೀಲಿ ಆ ಜಾಗ ಖಾಲಿ ಬಿಟ್ಟಿದ್ದೆ. ಮೀನೂ ಪ್ರಾರ್ಥನೆಗೆ ಬರ್ತವೆ ಅಂದ್ಕೊಂಡ್ಯಾ?”

ಖಾಲಿ ಜಾಗ ಸಿಕ್ಕಿದಾಗಲೆಲ್ಲ ಪ್ರೋಗ್ರಾಂ ನಿಂತುಬಿಡುತ್ತಿತ್ತು. ರೇಗಿಹೋಗಿ, ಖಾಲಿ ಇದ್ದಲ್ಲೆಲ್ಲ ಸೊನ್ನೆ ಹಾಕು ಎಂದು ಬರೆದವಳು ನಾನೇ. ಚಿಕ್ಕಮ್ಮ ನೋಡಿಲ್ಲ ಎಂದಿದ್ದನ್ನು ಮೀನೇ ಇಲ್ಲ ಎಂದು ಮಾಡಿದೆ. ಕಂಪ್ಯೂಟರನ್ನು ಬೈಯುವ ಹಾಗೂ ಇಲ್ಲ. ಪಾಪ, ನಾನು ಹೇಳಿದ್ದಷ್ಟನ್ನೇ ಅದು ಮಾಡಿದೆ.

ಪ್ರೊಫೆಸರರಿಗೆ ಏನೆಂದು ಬರೆಯಲಿ? ಈ ಮೂರು ಭಾನುವಾರವೂ ನಾನು ಚರ್ಚಿನಲ್ಲೇ ಕೂತಿದ್ದೆ. ಪಾದ್ರಿಯ ಮಾತು ಕಿವಿಗೆ ಹಾಕಿಕೊಳ್ಳದೆ, ಆ ಮೀನುಗಳು ಎಲ್ಲಿಗೆ ಹೋಗುತ್ತವೋ ಎಂದು ಯೋಚಿಸುತ್ತಿದ್ದೆ.