‘ಮತ್ತೆ’ ಎನ್ನಬಾರದ ಕಾಗದ

ಫೆಬ್ರವರಿ ೯

ತಂಗೀ,

ನನ್ನ ಹಿಂದಿನ ಕಾಗದವನ್ನು ನೀನು ‘ಕಂಪನಿ ಕಾಗದ’ ಎಂದೆಯೋ? ಅಮ್ಮ ಫೋನಿನಲ್ಲಿ ಒಮ್ಮೆ ಹಾಗೆ ಹೇಳಿದಳು, ಇನ್ನೊಮ್ಮೆ ‘ಆಫೀಸಿನ ನೋಟೀಸು’ ಎಂದಳು. ಯಾವುದು ನಿನ್ನ ಮಾತು, ಯಾವುದು ಅಮ್ಮನ ಒಗ್ಗರಣೆ ಎಂದು ಬಗೆಹರಿಯದೆ ಮೂರು ವಾರ ಕಳೆದೆ. ತಡಕ್ಕೆ ಅದೇ ಕಾರಣ. ಅದು ಕಾರಣವೇ ಅಲ್ಲ ಎಂದೂ ಅನಿಸುತ್ತದೆ. ನಿನ್ನ ಮೊಣಕಾಲು ಹೇಗಿದೆ? ಇಲ್ಲಿ ಬೆಳಗಿನ ನಲ್ಲಿ ನೀರು ಕೈ ಕೊರೆಯುತ್ತದೆ.

ಇಂಥದ್ದೇನನ್ನೂ ಹಿಂದಿನ ಕಾಗದದಲ್ಲಿ ಕೇಳಲಿಲ್ಲ ಎನ್ನುವುದೇ ನಿನ್ನ ಸಿಟ್ಟಲ್ಲವೇ?

ನಿನ್ನ ಮನೆಯವರು, ನಮ್ಮೆಲ್ಲರ ಮೇಷ್ಟ್ರು, ತೀರಿಕೊಂಡ ಮೇಲೆ ನಿನಗೆ ಬರೆಯಲು ಒಂಬತ್ತು ದಿನ ಕೂತೆ. ‘ಪ್ರೀತಿಯ ತಂಗಿ’ ದಾಟಿ ಪೆನ್ನು ಮುಂದಕ್ಕೆ ಹೋಗಲಿಲ್ಲ. ಮೇಜಿನ ಮೇಲೆ ಜಪಾನಿ ಭಾಷೆಯ ಪುಸ್ತಕ ಬಿದ್ದಿತ್ತು, ಮೇಲಿನ ದರ್ಜೆಯ ಪರೀಕ್ಷೆ ಕಟ್ಟುವವರಿಗಾಗಿ ಬರೆದದ್ದು. ಮನೆಯಲ್ಲಿ ಯಾರೂ ಆಡದ, ಭಾಷಣಕ್ಕೂ ಕ್ಷಮಾಪಣೆಗೂ ಸಾವಿಗೂ ಮೀಸಲಾದ ವಾಕ್ಯಗಳು ಅದರಲ್ಲಿವೆ. ‘ದುಃಖವನ್ನು ತಡೆದುಕೊಳ್ಳುವುದು ಅಸಾಧ್ಯವಾಗಿದೆ’ ಎಂಬ ಅರ್ಥದ್ದು ಒಂದು. ಯಂತ್ರದ ಬೇರಿಂಗುಗಳು ತಡವಾದಾಗ ಕಂಪನಿಯ ಪರವಾಗಿ ಇಂಥ ಕ್ಷಮಾಪಣೆಗಳನ್ನು ದಿನವೂ ಅನುವಾದಿಸುವವಳು ನಾನು. ಆ ಭಾಷೆಯಲ್ಲಿ ಬರೆದೆ, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಅದನ್ನೇ ಕನ್ನಡಕ್ಕೆ ತಂದು ನಿನಗೆ ಕಳಿಸಿದೆ.

ಜಪಾನಿಯರ ಸಂತಾಪ ಪತ್ರಕ್ಕೆ ಕಟ್ಟುನಿಟ್ಟುಗಳಿವೆ. ಹವೆಯ ಮಾತು ಕೂಡದು. ಕ್ಷೇಮ ಕೇಳಿ ಶುರುಮಾಡಬಾರದು. ‘ಮತ್ತೆ’, ‘ಪದೇ ಪದೇ’ ಎನ್ನಬಾರದು, ಸಾವು ಮರಳಿ ಬಂದೀತೆಂಬ ಅಂಜಿಕೆ. ಹಾಗಾಗಿ ‘ಮತ್ತೆ ಬಂದು ನಿನ್ನ ಜೊತೆ ಇರುತ್ತೇನೆ’ ಎಂದು ಬರೆದಿದ್ದ ಸಾಲನ್ನು ನಾನೇ ಹೊಡೆದುಹಾಕಿದೆ. ನಿನಗೆ ಕೆಟ್ಟದಾಗಬಾರದೆಂದೇ ಹೊಡೆದದ್ದು. ನೀನು ಅಮ್ಮನಿಗೆ ಹೇಳಿದ್ದು ಇದು: “ಬರ್ತೀನಿ ಅಂತ ಒಂದು ಮಾತೂ ಬರೀಲಿಲ್ಲ ಅಕ್ಕ. ಇನ್ಮೇಲೆ ಬರೋದೂ ಬೇಡ.” ಕಾಗದವನ್ನು ಕರೆಂಟ್ ಬಿಲ್ಲುಗಳ ಜೊತೆ ಸಿಕ್ಕಿಸಿಟ್ಟೆಯಂತೆ. ಅಲ್ಲೇ ಅದಕ್ಕೆ ಸರಿಯಾದ ಜಾಗ ಇರಬಹುದು.

ಜಪಾನಿ ಕರಡನ್ನು ನಮ್ಮ ಟೀಚರಿಗೂ ತೋರಿಸಿದ್ದೆ. ಕೆಂಪು ಪೆನ್ನು ಹಿಡಿದು ಓದಿದರು. “ಒಂದೂ ತಪ್ಪಿಲ್ಲ ಕಣ್ರೀ. ಯಾರು ತೀರ್ಕೊಂಡ್ರು?” ಎಂದರು. “ಯಾರೂ ಇಲ್ಲ, ಅಭ್ಯಾಸಕ್ಕೆ” ಎಂದೆ. ಹಾಗೇಕೆ ಹೇಳಿದೆನೋ ಈಗಲೂ ತಿಳಿಯದು. ಆ ವಾಕ್ಯಗಳ ಹಿಂದೆ ಅಡಗಿದ್ದೆನೋ, ಅವು ಇದ್ದುದರಿಂದಲೇ ಅಷ್ಟಾದರೂ ಬಾಯಿ ಬಿಟ್ಟೆನೋ? ಮೇಷ್ಟ್ರು ಇದ್ದಿದ್ದರೆ ನಗುತ್ತಿದ್ದರು. “ಅತ್ತಿಗೆ, ಆ ಭಾಷೇಲಿ ನೀವು ನನ್ನ ಬೈದ್ರೂ ಆಶೀರ್ವಾದ ಮಾಡ್ದಂಗೇ ಕೇಳ್ಸುತ್ತೆ” ಎನ್ನುತ್ತಿದ್ದರಲ್ಲ.

ಅವರ ಬಟ್ಟೆಬರೆ, ಪುಸ್ತಕಗಳನ್ನು ನೀನೊಬ್ಬಳೇ ಎತ್ತಿಡುತ್ತಿದ್ದೀಯೆ ಎಂದು ಅಮ್ಮ ಹೇಳಿದಳು. ಹದಿನೈದು ದಿನ ರಜೆ ಕೇಳಿದ್ದೇನೆ. ಬೇಡವೆಂದರೆ ಬರುವುದಿಲ್ಲ; ಸುಮ್ಮನಿದ್ದರೆ ಬರುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ

ಮರೆತದ್ದು: ಸಂತಾಪ ಪತ್ರದ ಕೊನೆಗೆ ಹೀಗೆ ಬಾಲ ಸೇರಿಸಬಾರದೆಂಬ ನಿಯಮವೂ ಇದೆ. ಆಗ ಇದನ್ನು ಬರೆಯದಿರಲು ಅದೊಂದು ನೆಪವಾಯಿತು. ಮೇಷ್ಟ್ರು ಹೋದ ಆ ಭಾನುವಾರ ಬಸ್ಸು ಸಿಗಲಿಲ್ಲ, ಅದಕ್ಕೇ ಮರುದಿನ ಬಂದೆ ಎಂದಿದ್ದೆ. ಬಸ್ಸು ಇತ್ತು. ನಿನ್ನ ಫೋನು ಬಂದಾಗ ಜಪಾನಿ ಪರೀಕ್ಷೆಯ ಕೇಂದ್ರದ ಗೇಟಿನ ಮುಂದೆ ಸಾಲಿನಲ್ಲಿ ನಿಂತಿದ್ದೆ. “ಅಕ್ಕಾ, ಇವ್ರು ಮಾತಾಡ್ತಿಲ್ಲ, ಬೇಗ ಬಾ” ಎಂದು ನೀನು ಅತ್ತೆ. “ಹೊರಟೆ” ಎಂದು ಫೋನು ಆಫ್ ಮಾಡಿ ಒಳಗೆ ಹೋದೆ. ಮಧ್ಯಾಹ್ನವೆಲ್ಲ ಉತ್ತರದ ಹಾಳೆಯ ವೃತ್ತಗಳನ್ನು ಒಂದೊಂದಾಗಿ ಪೆನ್ಸಿಲಿನಿಂದ ತುಂಬಿದೆ. ಒಂದರ ಗೆರೆಯನ್ನೂ ದಾಟಲಿಲ್ಲ. ಪಾಸಾಗಿದ್ದೇನೆ, ಯಾರಿಗೂ ಹೇಳಿಲ್ಲ. ಆ ಮಧ್ಯಾಹ್ನ ನಿನ್ನ ಪಕ್ಕದಲ್ಲಿ ಯಾರಿದ್ದರು?