ಸ್ಕೆಲ್‌ಥಾರ್ಪ್ ಚರ್ಚಿನ ಉತ್ತರ ಗೋಡೆಗೆ ವಯಸ್ಸಾಗಿಲ್ಲ

ಧರ್ಮಪ್ರಾಂತ್ಯದ ಕಟ್ಟಡ ಸಮಿತಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಸ್ಕೆಲ್‌ಥಾರ್ಪ್ ಚರ್ಚನ್ನು ಮುಚ್ಚಬೇಕೆಂದು ನೀವು ಬರೆದ ವರದಿಯ ಮೂರನೇ ಪುಟದಲ್ಲಿ ಒಂದು ಸುಳ್ಳಿದೆ. ‘ಉತ್ತರ ಗೋಡೆಯ ಶಿಥಿಲತೆಗೆ ಕಟ್ಟಡದ ವಯಸ್ಸೇ ಕಾರಣವೆಂದು ಸ್ಥಳೀಯ ಅನುಭವಿ ಮೇಸ್ತ್ರಿಯೊಬ್ಬರು ದೃಢಪಡಿಸಿದ್ದಾರೆ.’ ಆ ಅನುಭವಿ ಮೇಸ್ತ್ರಿ ನಾನು. ಸುಳ್ಳು ಹೇಳಿದವನೂ ನಾನೇ. ಒಂದು ಮರುಪ್ರಶ್ನೆಯನ್ನೂ ಕೇಳದೆ ಅದನ್ನು ಬರೆದುಕೊಂಡ ಪುಣ್ಯ ಮಾತ್ರ ತಮ್ಮದು.

ವಯಸ್ಸಿನ ಮಾತು ಬಂತಲ್ಲ, ಹೇಳುತ್ತೇನೆ. ನಮ್ಮ ನಾರ್ಫೋಕ್ ಸೀಮೆಯಲ್ಲಿ ಮೂಲೆಗೆ ಕೂರಿಸಲು ಕಡೆದ ಕಲ್ಲು ಸಿಗುವುದಿಲ್ಲ. ಆದ್ದರಿಂದ ಒಂಬೈನೂರು ವರ್ಷದ ಹಿಂದೆ ಊರವರು ಹೊಲದ ಚಕಮಕಿ ಕಲ್ಲುಗಳನ್ನು ಆರಿಸಿ ತಂದು, ಸುಣ್ಣದ ಗಾರೆಯಲ್ಲಿ ಕೂರಿಸಿ, ಮೂಲೆಯೇ ಇಲ್ಲದ ದುಂಡು ಗೋಪುರ ಎಬ್ಬಿಸಿದರು. ಅದಕ್ಕೆ ಆತುಕೊಂಡ ಸಭಾಂಗಣದ ಉತ್ತರ ಗೋಡೆಯ ಮೇಲೆ, ಬಾಗಿಲಿಗೆ ಎದುರಾಗಿ, ಮಗುವನ್ನು ಹೊತ್ತು ಹೊಳೆ ದಾಟುವ, ದಾರಿಹೋಕರನ್ನು ಕಾಯುವ ಸಂತ ಕ್ರಿಸ್ಟೋಫರನನ್ನು ಬರೆಸಿದರು. ಪ್ರಯಾಣ ಹೊರಟವರು ಹೊಸ್ತಿಲಲ್ಲೇ ನಿಂತು ಅವನ ಮುಖ ನೋಡಿ ಹೋಗುತ್ತಿದ್ದರು. ಚಿತ್ರಗಳು ಪಾಪವೆಂದು ಅರಸನ ಆಜ್ಞೆ ಬಂದಾಗ ಊರವರೇ ಸುಣ್ಣ ಬಳಿದು ಅವನನ್ನು ಮುಚ್ಚಿದರು. ಆ ಸುಣ್ಣದ ಕೆಳಗೆ ಅವನು ಮುನ್ನೂರು ವರ್ಷ ಕ್ಷೇಮವಾಗಿದ್ದ; ನನ್ನ ಮುತ್ತಜ್ಜನ ಕಾಲದಲ್ಲಿ ಮತ್ತೆ ಬೆಳಕಿಗೆ ಬಂದ. ಸಮುದ್ರದ ಗಾಳಿ, ಅರಸನ ಆಜ್ಞೆ ಎರಡನ್ನೂ ತಾಳಿಕೊಂಡ ಗೋಡೆ ಅದು. ತಾಳಿಕೊಳ್ಳಲಾಗದ್ದು ನನ್ನನ್ನು.

೧೯೮೬ರಲ್ಲಿ ಆ ಗೋಡೆಯ ಹೊರಮೈ ರಿಪೇರಿ ನನಗೆ ಸಿಕ್ಕಿತು. ‘ಆಧುನಿಕವೂ ಬಾಳಿಕೆಯುಳ್ಳದ್ದೂ ಆದ ಸಿಮೆಂಟನ್ನೇ ಬಳಸತಕ್ಕದ್ದು’ ಎಂದು ನಿಮ್ಮ ಕಚೇರಿಯ ಆದೇಶ. ಆದೇಶ ನಿಮ್ಮದಾದರೂ ಕೈ ನನ್ನದು. ನನಗೆ ಕೆಲಸ ಕಲಿಸಿದ ಮುದುಕ ಲಬಕ್ ಮೇಸ್ತ್ರಿ ಸೈಕಲ್ ಹಿಡಿದುಕೊಂಡೇ ಅಟ್ಟಣಿಗೆಯ ಕೆಳಗೆ ನಿಂತರು.

“ಡೆರಿಕ್, ಸಿಮೆಂಟ್ ಮೆತ್ತಬೇಡ ಕಣೋ. ಸುಣ್ಣ ಆದ್ರೆ ಕುಡಿದ ನೀರನ್ನ ಹೊರಗೆ ಬಿಡುತ್ತೆ. ಇದು ಬಿಡಲ್ಲ. ನೀರೆಲ್ಲ ಒಳಕ್ಕೇ ತಿರುಗುತ್ತೆ.”

“ನಿಮ್ಮ ಸುಣ್ಣ ಒಣಗೋ ಹೊತ್ತಿಗೆ ನಾನು ಎರಡು ಚರ್ಚ್ ಮುಗಿಸಿರ್ತೀನಿ ಬಿಡಿ, ಮೇಸ್ತ್ರಿ!”

ಕೆಲಸದವರೆಲ್ಲ ಹೋ ಎಂದು ನಕ್ಕರು. ಲಬಕ್ ಮೇಸ್ತ್ರಿ ಸೈಕಲ್ ತಳ್ಳಿಕೊಂಡು ಹೋದರು. ಆ ನಗು ನನಗೆ ಹಿತವಾಗಿತ್ತು ಎಂಬುದನ್ನೂ ಬರೆದುಬಿಡುತ್ತೇನೆ.

ಹತ್ತೇ ವರ್ಷದಲ್ಲಿ ಒಳಗೆ ತೇವದ ಕಲೆ ಕಾಣಿಸಿತು. ಅದೇನೆಂದು ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ಅದು ಸಂತನ ಪಾದದಿಂದ ಮೊಣಕಾಲಿಗೆ, ಎದೆಗೆ ಏರುವುದನ್ನು ನೋಡುತ್ತ ಮೂವತ್ತು ವರ್ಷ ಭಾನುವಾರ ಭಾನುವಾರ ಕೀರ್ತನೆ ಹಾಡಿದೆ. ಕಳೆದ ಫೆಬ್ರವರಿಯಲ್ಲಿ ಅವನ ಮುಖ ಗಾರೆಯ ಸಮೇತ ಕಳಚಿ ಬಿತ್ತು. ಲಬಕ್ ಮೇಸ್ತ್ರಿಯ ಮಗಳು ಥರ್ಜಾ ಈಗ ಚರ್ಚನ್ನು ನೋಡಿಕೊಳ್ಳುತ್ತಾಳೆ. ಅವಳು ನೆಲಕ್ಕೆ ಮಂಡಿಯೂರಿ ಚೂರುಗಳನ್ನು ಆಯುತ್ತಿದ್ದಳು. “ನೋಡೋ, ಇದು ಕಣ್ಣು” ಎಂದು ಒಂದನ್ನು ನನ್ನ ಅಂಗೈಗಿಟ್ಟಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮರುವಾರ ತಾವು ಬಂದಿರಿ. ಬೂಟು ಕೆಸರಾಗದಂತೆ ಸಮಾಧಿಗಳ ನಡುವೆ ಹೆಜ್ಜೆ ಇಟ್ಟಿರಿ. ಗೋಡೆಯ ಹೊರಮೈಯನ್ನು ನೋಡಲೇ ಇಲ್ಲ.

“ಏನಾಗಿದೆ ಮೇಸ್ತ್ರಿ ಇದಕ್ಕೆ?” ಎಂದು ಕೇಳಿದಿರಿ.

“ವಯಸ್ಸು, ಸ್ವಾಮಿ. ಇನ್ನೇನಿರುತ್ತೆ?” ಎಂದೆ. ಥರ್ಜಾ ಪಕ್ಕದಲ್ಲೇ ನಿಂತಿದ್ದಳು.

ನಿಮ್ಮ ವರದಿಯನ್ನು ಪಾದ್ರಿಗಳು ಸಭೆಯಲ್ಲಿ ಓದಿದ ಮರುದಿನ ನಾನು ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಟೀ ಸೋಸುತ್ತಿದ್ದವಳು ತಿರುಗಲೂ ಇಲ್ಲ.

“ಗೊತ್ತು ಕಣೋ. ಅಪ್ಪ ಹಾಸಿಗೆ ಹಿಡಿದಾಗ್ಲೂ ‘ಡೆರಿಕ್ ಬಂದಿದ್ನಾ’ ಅಂತ ಕೇಳ್ತಿದ್ರು. ಬಯ್ಯೋಕಲ್ಲ. ಗೋಡೆಗೆ ಪೆಟ್ಟಾಗದ ಹಾಗೆ ಸಿಮೆಂಟ್ ಕೀಳೋದು ಹೇಗೆ ಅಂತ ಹೇಳಿಕೊಡೋಕೆ.”

ನಾನು ಟೋಪಿಯಲ್ಲಿ ಕಣ್ಣೊರೆಸಿಕೊಂಡೆ.

“ನನ್ನ ಮುಂದೆ ಅಳ್ಬೇಡ. ಯಾರಿಗೆ ಸುಳ್ಳು ಹೇಳಿದ್ಯೋ ಅವರಿಗೆ ಬರಿ. ಊರಿಗೆಲ್ಲ ಕಾಣೋ ಹಾಗೆ ಬರಿ.”

ಬರೆದಿದ್ದೇನೆ. ಮೂರನೇ ಪುಟದ ಆ ಸಾಲನ್ನು ಹೊಡೆದುಹಾಕಿ, ವಯಸ್ಸು ಎಂದಿರುವಲ್ಲಿ ನನ್ನ ಹೆಸರು ಬರೆಯಿರಿ. ಪಕ್ಕದಲ್ಲಿ ಜಾಗವಿದ್ದರೆ ನಿಮ್ಮ ಕಚೇರಿಯದನ್ನೂ. ಬಾಗಿಲು ಮುಚ್ಚುವ ಆದೇಶವನ್ನು ತಡೆಹಿಡಿದು, ಸಿಮೆಂಟ್ ಕಿತ್ತು ಸುಣ್ಣದ ಗಾರೆ ತುಂಬಲು ಅಪ್ಪಣೆ ಕೊಡಿ. ಸುಣ್ಣದ ಕೆಲಸ ಬಲ್ಲ ಹೆಣ್ಣುಮಗಳೊಬ್ಬಳು ಪಕ್ಕದೂರಿನಲ್ಲಿದ್ದಾಳೆ. ಕರಣೆ ಅವಳ ಕೈಯಲ್ಲಿರಲಿ. ನಾನು ಸುಣ್ಣ ಕಲಸಿ ಹೊತ್ತು ಕೊಡುತ್ತೇನೆ. ಬಿದ್ದ ಮುಖ ಮರಳಿ ಬರುವುದಿಲ್ಲ. ಹೊಳೆಯ ನಡುವೆ ನಿಂತ ಸಂತನ ಕಾಲುಗಳಾದರೂ ಉಳಿಯಲಿ.

ಇಂತಿ,
ಆ ಗೋಡೆಯ ಕಾಯಿಲೆ,
ಡೆರಿಕ್ ಥ್ರೋವರ್