ಕೊನೆಯ ನಲ್ಲಿ

ನೀರು ಪರೀಕ್ಷೆಯ ಕೋಣೆ
ಹದಿನಾಲ್ಕನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ತಂಗೀ,

ಹೇಗಿದ್ದೀಯ? ಮಗುವಿನ ಹೊಟ್ಟೆ ಹೇಗಿದೆ? ಒಂದೇ ತಿಂಗಳಲ್ಲಿ ಮೂರನೇ ಸಲ ಭೇದಿ ಅಂತ ಬರೆದಿದ್ದೆ. ನಾನು ಇದ್ದೇನೆ, ಮಂಡಿನೋವಿನ ಜೊತೆ. ನಿನ್ನ ಅತ್ತಿಗೆ ನನ್ನನ್ನು ಈಗ ‘ಬಾಟಲಿ ಸಾಹೇಬರು’ ಅನ್ನುತ್ತಾಳೆ. ಮನೆಯಲ್ಲೂ ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತೇನಂತೆ.

ಈ ಕೆಲಸ ಸಾಕುಸಾಕಾಗಿದೆ ಕಣೇ. ದಿನಕ್ಕೆ ಐದು ಊರು, ಊರಿಗೊಂದು ನಮೂನೆ, ನಮೂನೆಗೆ ನಲವತ್ತೊಂದು ಪ್ರಶ್ನೆ. ನೀರು ಬರುತ್ತಿದೆಯೇ? ಬರುತ್ತಿದೆ. ವಾಸನೆ ಇದೆಯೇ? ಇಲ್ಲ. ನಿಮ್ಮೂರಲ್ಲಂತೂ ನಾನು ಜೀಪಿನಿಂದ ಕಾಲು ಕೆಳಗಿಡುವ ಮೊದಲೇ ನೀರುಗಂಟಿ ಟ್ಯಾಂಕಿನ ಬುಡದ ನಲ್ಲಿ ತಿರುಗಿಸಿಕೊಂಡು ನಿಂತಿರುತ್ತಾನೆ. “ಬಿಸಿಲಲ್ಲಿ ಯಾಕೆ ಸುತ್ತುತೀರಾ ಸಾರ್, ಎಲ್ಲಾ ಒಂದೇ ಟ್ಯಾಂಕಿನ ನೀರು ತಾನೇ?” ಅನ್ನುತ್ತಾನೆ. ಬಾಟಲಿ ತುಂಬಿಸಿಕೊಂಡು, ನೀರು ಚೆನ್ನಾಗಿದೆ ಎಂದು ಗುರುತು ಹಾಕಿ ಮುಂದಿನ ಊರಿಗೆ ಹೊರಡುತ್ತೇನೆ. ಎರಡು ವರ್ಷದಿಂದ ಹೀಗೇ ನಡೆದಿದೆ.

ಊರಿಗೆ ಬಂದೂ ಮನೆಗೆ ಬರುವುದಿಲ್ಲ ಎಂದು ನಿನಗೆ ನನ್ನ ಮೇಲೆ ಮುನಿಸು. ಪರೀಕ್ಷೆಗೆ ಬಂದವನು ತಂಗಿಯ ಮನೆಯಲ್ಲಿ ಉಂಡು ಹೋಗುತ್ತಾನೆ ಎಂದು ಯಾರೂ ಆಡಿಕೊಳ್ಳಬಾರದು ಅಂತ ನಿಮ್ಮ ಬೀದಿಯ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ. ದೊಡ್ಡ ಪ್ರಾಮಾಣಿಕ ನಾನು! ಪೈಪು ಮುಗಿಯುವಲ್ಲಿನ ಕೊನೆಯ ನಲ್ಲಿಯ ನೀರನ್ನೂ ಹಿಡಿಯಬೇಕು ಎಂಬುದು ನಮ್ಮ ನಿಯಮ. ಆ ನಲ್ಲಿ ಇರುವುದು ನಿನ್ನ ಮನೆಯ ಮುಂದೆಯೇ.

ಈ ಸೋಮವಾರ ಮಂಡಿ ಊದಿ ಮಲಗಿಬಿಟ್ಟೆ. ನನ್ನ ಬದಲು ಬೇರೆ ಕಚೇರಿಯಿಂದ ವರ್ಗವಾಗಿ ಬಂದಾಕೆ ಹೋದರು. ಅವರಿಗೆ ಅಲ್ಲಿ ನೆಂಟರೂ ಇಲ್ಲ, ಸಂಕೋಚವೂ ಇಲ್ಲ. ಟ್ಯಾಂಕಿನ ಹತ್ತಿರ ಒಂದು ಬಾಟಲಿ, ಕೊನೆಯ ನಲ್ಲಿಯಲ್ಲಿ ಒಂದು ಬಾಟಲಿ ಹಿಡಿದು ತಂದರು. ನಮ್ಮ ಬಾಟಲಿಯಲ್ಲಿ ಒಂದು ಔಷಧಿ ಇರುತ್ತದೆ. ನೀರಿಗೆ ಹೊಲಸು ಸೇರಿದ್ದರೆ ಎರಡು ದಿನದೊಳಗೆ ಕಪ್ಪಾಗುತ್ತದೆ. ಇವತ್ತು ಬೆಳಗ್ಗೆ ಬಂದು ನೋಡಿದರೆ ಟ್ಯಾಂಕಿನದು ತಿಳಿಯಾಗಿತ್ತು, ನಿಮ್ಮದು ಡಾಂಬರಿನ ಹಾಗೆ ಕಪ್ಪಗಿತ್ತು. ಚರಂಡಿಯೊಳಗೆ ಹಾದುಹೋಗುವ ಪೈಪು ಎಲ್ಲೋ ಸೀಳಿರಬೇಕು. ನೀರು ನಿಲ್ಲಿಸಿದಾಗಲೆಲ್ಲ ಅದು ಚರಂಡಿಯನ್ನೇ ಹೀರಿಕೊಳ್ಳುತ್ತದೆ. ನಿನಗೆ ಹೇಳೋಣವೆಂದು ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ, ಅದಕ್ಕೇ ಈ ಕಾಗದ. ನನಗೆ ನನ್ನ ಮೇಲೇ ಹೇಸಿಗೆಯಾಗಿದೆ.

ನನ್ನ ಎರಡು ವರ್ಷದ ವರದಿಗಳನ್ನು ನಂಬಬೇಡಿ ಎಂದು ಮೇಲಧಿಕಾರಿಗೆ ಬರೆದು ಸಹಿ ಹಾಕಿದ್ದೇನೆ. ಏನು ಮಾಡುತ್ತಾರೋ ಮಾಡಲಿ. ಪೈಪು ಬದಲಿಸಲು ಎರಡು ತಿಂಗಳಾಗಬಹುದಂತೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಗುವಿನ ಕೆನ್ನೆಗೆ ಸೋದರಮಾವನದೊಂದು ಮುತ್ತು. ಬೇಗ ಚೇತರಿಸಿಕೊಂಡು ಮನೆ ತುಂಬ ಓಡಾಡಲಿ.

ನಿನ್ನ
ಅಣ್ಣ

ತಾ.ಕ.: ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಕಾಗದ ಸಿಕ್ಕ ಕೂಡಲೇ ಮನೆಯಲ್ಲಿರುವ ನೀರನ್ನೆಲ್ಲ ಚೆಲ್ಲಿಬಿಡು. ಜೀಪಿನಲ್ಲಿ ಎರಡು ಕ್ಯಾನ್ ಒಳ್ಳೆಯ ನೀರಿದೆ. ಅದು ಮುಗಿದರೆ ಟ್ಯಾಂಕಿನ ಬುಡದಿಂದ ತಂದು, ಚೆನ್ನಾಗಿ ಕುದಿಸಿ, ಆರಿಸಿ ಕುಡಿಸು. ನೀನು ಕೈ ತೊಳೆಯದೆ ಅಡುಗೆ ಮಾಡುತ್ತೀಯ, ಅದಕ್ಕೇ ಮಗುವಿಗೆ ಹೀಗೆ ಅಂತ ನಿಮ್ಮತ್ತೆ ಎಲ್ಲರೆದುರು ಅಂದರಂತಲ್ಲ. ಈ ಕಾಗದವನ್ನು ಅವರ ಮುಂದೆ ಗಟ್ಟಿಯಾಗಿ ಓದು. ಅಣ್ಣನ ಮರ್ಯಾದೆ ಉಳಿಸಲು ಒಂದು ಸಾಲನ್ನೂ ಬಿಡಬೇಡ.